ಕಾಗದ ಕೇಳುವುದಕ್ಕೂ ಒಂದು ಬೆಲೆಯಿದೆ



ಕಳೆದ ತಿಂಗಳ ಒಂದು ಜುಮಾ ನಮಾಝಿನ ಬಳಿಕ ಕಾಲೇಜು ಓದುವ ಯುವಕನೊಬ್ಬ ನಮ್ಮನ್ನು ತಡೆದು ಕೇಳಿದ: "ಉಸ್ತಾದ್, ಸರಕಾರದ ಹಣ ಈ ದೇಶದ ಪ್ರಜೆಗಳದ್ದು. ಅದನ್ನು ಪಡೆಯುವವರು ಪ್ರಜೆಗಳೇ ಹೌದೋ ಎಂದು ದಾಖಲೆ ಕೇಳಿದರೆ ತಪ್ಪೇನು?" ಪ್ರಶ್ನೆ ನ್ಯಾಯವಾದದ್ದೇ. ಕೋಪದಿಂದ ಉತ್ತರಿಸಬೇಕಾದ ಪ್ರಶ್ನೆಯಲ್ಲ.

ಅದೇ ವಾರ ನಮ್ಮ ಜಮಾಅತಿನ ವೃದ್ಧೆಯೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ತಮ್ಮ ಕಾಗದಗಳನ್ನೆಲ್ಲ ಹೊತ್ತು ಮಸೀದಿಯ ಅಂಗಳಕ್ಕೆ ಬಂದಿದ್ದರು. ಒಂದು ಚೀಟಿಯಲ್ಲಿ ಹೆಸರಿನ ಕೊನೆಗೆ 'ಅಮ್ಮ', ಇನ್ನೊಂದರಲ್ಲಿ 'ಬೀ', ಮತ್ತೊಂದರಲ್ಲಿ ಎರಡೂ ಇಲ್ಲ. ಮೂರೂ ಅವರದೇ. ಆದರೆ ಗಣಕಯಂತ್ರಕ್ಕೆ ಅವರು ಮೂವರು ಬೇರೆ ಬೇರೆ ಹೆಂಗಸರು. ವಿಧವಾ ವೇತನ ನಿಂತು ಎರಡು ತಿಂಗಳಾಗಿತ್ತು. ಕಚೇರಿಗೆ ಮೂರು ಸಲ ಅಲೆದಿದ್ದರು. ಪ್ರತಿ ಸಲವೂ ಒಂದು ದಿನದ ಬೀಡಿಯ ಸಂಪಾದನೆ ಹೋಯಿತು. ಜೊತೆಗೆ ಆಟೋ ಬಾಡಿಗೆ, ಜೆರಾಕ್ಸ್ ಖರ್ಚು. ಈ ನಷ್ಟ ಯಾವ ಸರಕಾರಿ ಲೆಕ್ಕದಲ್ಲೂ ಬರುವುದಿಲ್ಲ.

ಯುವಕನ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಆರಂಭವಾಗುತ್ತದೆ. ದಾಖಲೆ ಕೇಳುವುದು ಪುಕ್ಕಟೆಯ ಕೆಲಸವಲ್ಲ. ಅದಕ್ಕೊಂದು ಬೆಲೆಯಿದೆ. ಆ ಬೆಲೆ ಎಷ್ಟು, ತೆರುವವರು ಯಾರು ಎಂಬುದನ್ನು ನೋಡಿದ ಮೇಲೆಯೇ ನ್ಯಾಯ ಅನ್ಯಾಯ ಹೇಳಬೇಕು.

ಅಳೆದು ನೋಡಿದ ಒಂದು ಉದಾಹರಣೆ

ಬಡವರಿಗಾಗಿ ಅಮೆರಿಕದಲ್ಲಿ 'ಮೆಡಿಕೇಡ್' ಎಂಬ ಸರಕಾರಿ ಆರೋಗ್ಯ ವಿಮೆಯಿದೆ. ಮೊದಲು ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ, ತಾನು ಪ್ರಜೆ ಎಂದು ಅರ್ಜಿದಾರ ಬರೆದು ಸಹಿ ಹಾಕಿದರೆ ಸಾಕಿತ್ತು. ಸುಳ್ಳು ಹೇಳಿದರೆ ಶಿಕ್ಷೆಯಿತ್ತು. ವಿದೇಶೀಯರು ತಮ್ಮ ವಲಸೆ ಕಾಗದಗಳನ್ನು ಆಗಲೂ ತೋರಿಸಲೇಬೇಕಿತ್ತು. 2006ರ ಫೆಬ್ರವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದ ಕಾನೂನು ಇದನ್ನು ಬದಲಿಸಿತು. ಆ ವರ್ಷದ ಜುಲೈ 1ರಿಂದ, ತಾನು ಪ್ರಜೆ ಎನ್ನುವವನು ಪಾಸ್‌ಪೋರ್ಟ್ ಅಥವಾ ಜನನ ಪತ್ರ ಮತ್ತು ಗುರುತಿನ ಚೀಟಿಯ ಮೂಲ ಪ್ರತಿಯನ್ನೋ ದೃಢೀಕೃತ ಪ್ರತಿಯನ್ನೋ ತರಬೇಕಾಯಿತು. ಅಂದರೆ ಹೊಸ ನಿಯಮದ ಭಾರ ಬಿದ್ದದ್ದೇ ಪ್ರಜೆಗಳ ಮೇಲೆ.

ಒಂದು ವರ್ಷದ ಬಳಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 44 ರಾಜ್ಯಗಳನ್ನು ವಿಚಾರಿಸಿತು. 22 ರಾಜ್ಯಗಳು, ಈ ನಿಯಮದಿಂದ ವಿಮೆ ಪಡೆಯುವವರ ಸಂಖ್ಯೆ ಇಳಿದಿದೆ ಎಂದವು. ಹಾಗೆ ಹೊರಗುಳಿದವರಲ್ಲಿ ಅರ್ಹ ಪ್ರಜೆಗಳೇ ಇದ್ದಾರೆಂದು ಅವುಗಳಲ್ಲಿ ಹೆಚ್ಚಿನವು ಹೇಳಿದವು. ಅದೇ 2007ರಲ್ಲಿ ಸಂಸತ್ತಿನ ಒಂದು ಸಮಿತಿಯ ಸಿಬ್ಬಂದಿ ಆರು ರಾಜ್ಯಗಳ ಲೆಕ್ಕ ತೆಗೆದರು. ತಪಾಸಣೆಗೆ ಆದ ಖರ್ಚು 1.6 ಕೋಟಿ ಡಾಲರಿಗೂ ಹೆಚ್ಚು. ಸಿಕ್ಕಿಬಿದ್ದ ಅಕ್ರಮ ವಲಸಿಗರು ಎಂಟು ಮಂದಿ. ಕೇಂದ್ರ ಸರಕಾರ ಖರ್ಚು ಮಾಡಿದ ಪ್ರತಿ 100 ಡಾಲರಿಗೆ ಉಳಿತಾಯವಾದದ್ದು 14 ಸೆಂಟ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, 100 ರೂಪಾಯಿ ಕೊಟ್ಟು 14 ಪೈಸೆ ಉಳಿಸಿದ ಹಾಗೆ.

ಕೊಲರಾಡೊ ರಾಜ್ಯವೂ 2006ರಲ್ಲಿ ಸವಲತ್ತುಗಳಿಗೆ ಇಂಥದೇ ತಪಾಸಣೆಯ ಕಾನೂನು ತಂದಿತು. ಕೆಲವೇ ತಿಂಗಳಲ್ಲಿ ಅಲ್ಲಿನ ಇಲಾಖೆಗಳು ಸುಮಾರು 20 ಲಕ್ಷ ಡಾಲರ್ ಖರ್ಚು ತೋರಿಸಿದವು. ಉಳಿತಾಯ ತೋರಿಸಲು ಅವುಗಳಿಗೆ ಆಗಲಿಲ್ಲ.

"ಭಯದಿಂದ ಅರ್ಜಿ ಹಾಕದೇ ಉಳಿದ ಅನರ್ಹರೂ ಇರಬಹುದಲ್ಲ?" ಎಂದು ಯುವಕ ಕೇಳಿದ. ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಅದೇ ಭಯ, ಅದೇ ಅಲೆದಾಟ ಅರ್ಹರನ್ನೂ ದೂರ ಇಡುತ್ತದೆ. ಕಾಗದಕ್ಕೆ ಮನುಷ್ಯನ ಅರ್ಹತೆ ಕಾಣುವುದಿಲ್ಲ, ಅವನ ಕೈಯಲ್ಲಿ ಕಾಗದ ಇದೆಯೋ ಇಲ್ಲವೋ ಎಂಬುದಷ್ಟೇ ಕಾಣುತ್ತದೆ.

ಕಾಗದವಿಲ್ಲದವರು ಯಾರು?

ಕಾಗದ ಇಲ್ಲದಿರುವುದು ಪರಕೀಯನ ಗುರುತಲ್ಲ, ಹೆಚ್ಚಾಗಿ ಬಡತನದ ಗುರುತು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹಿಂದಿನ ಕಾಲದಲ್ಲಿ ಎಷ್ಟೋ ಕಪ್ಪು ಜನರು ಮನೆಯಲ್ಲೇ ಸೂಲಗಿತ್ತಿಯರ ಕೈಯಲ್ಲಿ ಹುಟ್ಟಿದರು. ಅವರ ಜನನ ಎಲ್ಲೂ ದಾಖಲಾಗಲಿಲ್ಲ. ನಮ್ಮ ಅಜ್ಜಿಯಂದಿರ ಕಥೆಯೂ ಇದಕ್ಕಿಂತ ಬೇರೆಯಲ್ಲ. "ದೊಡ್ಡ ನೆರೆ ಬಂದ ವರ್ಷ ಹುಟ್ಟಿದ್ದು" ಎನ್ನುವವರ ಬಳಿ ಜನನ ಪತ್ರ ಎಲ್ಲಿಂದ ಬರಬೇಕು? ಮದುವೆಯಾಗಿ ಊರು ಬದಲಿಸಿದ ಹೆಣ್ಣುಮಕ್ಕಳು, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವ ಕೂಲಿಗಳು, ಮನೆಗೆ ನೀರು ನುಗ್ಗಿ ಪೆಟ್ಟಿಗೆ ಕಳಕೊಂಡವರು, ಎಲ್ಲ ಜಾತಿ ಧರ್ಮಗಳಲ್ಲೂ ಇದ್ದಾರೆ. ಸವಲತ್ತು ಯಾರಿಗೆ ಹೆಚ್ಚು ಬೇಕೋ ಅವರ ಬಳಿಯೇ ಕಾಗದ ಕಡಿಮೆ.

ನಮ್ಮ ದೇಶದಲ್ಲೇ ಅಸ್ಸಾಮಿನ ಅನುಭವ ಕಣ್ಣ ಮುಂದಿದೆ. ಅಲ್ಲಿನ ರಾಷ್ಟ್ರೀಯ ಪೌರತ್ವ ನೋಂದಣಿಯನ್ನು ಸವಲತ್ತು ಹಂಚಲು ಮಾಡಿದ್ದಲ್ಲ. ಆದರೂ ಅದರ ಬಿಸಿ ಸವಲತ್ತಿಗೆ ತಟ್ಟಿತು. 2019ರ ಆಗಸ್ಟ್ 31ರಂದು ಅಂತಿಮ ಪಟ್ಟಿ ಪ್ರಕಟವಾದಾಗ 19,06,657 ಮಂದಿಯ ಹೆಸರು ಅದರಲ್ಲಿರಲಿಲ್ಲ. 2014ರಲ್ಲಿ ಈ ಕೆಲಸಕ್ಕೆ 288 ಕೋಟಿ ರೂಪಾಯಿಯ ಅಂದಾಜಿತ್ತು. 2022ರ ಹೊತ್ತಿಗೆ ಅದು 1,602 ಕೋಟಿಗೆ ಏರಿತೆಂದು ಸಿಎಜಿ ವರದಿ ಹೇಳಿತು.

ಇದಕ್ಕಿಂತ ದೊಡ್ಡ ಬೆಲೆ ಇನ್ನೊಂದಿತ್ತು. ಆಕ್ಷೇಪ ಮತ್ತು ಮರು ಅರ್ಜಿಯ ಸಮಯದಲ್ಲಿ ಸುಮಾರು 27 ಲಕ್ಷ ಜನರ ಬೆರಳಚ್ಚು, ಕಣ್ಣಿನ ಗುರುತು ಪಡೆಯಲಾಯಿತು. ಆ ಮಾಹಿತಿಗೆ ಬೀಗ ಬಿತ್ತು. ಕೊನೆಗೆ ಪಟ್ಟಿಯಲ್ಲಿ ಹೆಸರು ಬಂದವರಿಗೂ ಆಧಾರ್ ಸಿಗಲಿಲ್ಲ. ಆಧಾರ್ ಇಲ್ಲದೆ ಪಡಿತರ, ವಿದ್ಯಾರ್ಥಿವೇತನ, ಬ್ಯಾಂಕು ಎಲ್ಲಕ್ಕೂ ತೊಡಕು. 9 ಲಕ್ಷಕ್ಕೂ ಹೆಚ್ಚು ಮಂದಿಯ ಬೀಗ ತೆರೆಯುವುದಾಗಿ ಅಸ್ಸಾಮ್ ಸರಕಾರ ಪ್ರಕಟಿಸಿದ್ದು 2024ರ ಆಗಸ್ಟಿನಲ್ಲಿ. ಐದು ವರ್ಷವೆಂದರೆ ಒಂದು ಮಗು ಐದನೇ ತರಗತಿಯಿಂದ ಹತ್ತನೇ ತರಗತಿಗೆ ಬರುವಷ್ಟು ಕಾಲ. ವಿಚಿತ್ರವೆಂದರೆ, ಆಧಾರ್ ಪೌರತ್ವದ ಪುರಾವೆಯೇ ಅಲ್ಲವೆಂದು 2016ರ ಆಧಾರ್ ಕಾಯ್ದೆಯ 9ನೇ ಕಲಮೇ ಹೇಳುತ್ತದೆ.

ಖಲೀಫರ ರಾತ್ರಿ ಗಸ್ತು

ಸವಲತ್ತಿಗೆ ಷರತ್ತು ಹಾಕಿದರೆ ಏನಾಗುತ್ತದೆಂಬುದನ್ನು ಹಝ್ರತ್ ಉಮರ್(ರ) ಅವರ ಒಂದು ಘಟನೆ ಎಲ್ಲಕ್ಕಿಂತ ಚೆನ್ನಾಗಿ ಕಲಿಸುತ್ತದೆ. ಅವರು 'ದೀವಾನ್' ಎಂಬ ದಫ್ತರ ತೆರೆದು ಜನರ ಹೆಸರು ಬರೆಸಿ ಬೈತುಲ್ ಮಾಲ್‌ನಿಂದ ವೇತನ ಕೊಡಿಸಿದವರು. ಮಕ್ಕಳಿಗೆ ಹಾಲು ಬಿಡಿಸಿದ ಮೇಲೆ ವೇತನ ಆರಂಭವಾಗುತ್ತಿತ್ತು. ಒಂದು ರಾತ್ರಿ ಮದೀನಾದ ಹೊರಗೆ ಕಾವಲಿದ್ದಾಗ ಮಗುವೊಂದು ಪದೇ ಪದೇ ಅಳುವುದು ಅವರಿಗೆ ಕೇಳಿಸಿತು. ವಿಚಾರಿಸಿದರೆ, ವೇತನ ಬೇಗ ಸಿಗಲೆಂದು ತಾಯಿ ಹೊತ್ತಿಗೆ ಮುಂಚೆಯೇ ಹಾಲು ಬಿಡಿಸುತ್ತಿದ್ದಳು. ಎದುರಿಗೆ ನಿಂತವರು ಖಲೀಫರೆಂದು ಅವಳಿಗೆ ಗೊತ್ತಿರಲಿಲ್ಲ. ಅಂದು ಫಜ್ರ್ ನಮಾಝಿನಲ್ಲಿ ಉಮರ್(ರ) ಅವರ ಕಿರಾಅತ್ ಅಳುವಿನಿಂದಾಗಿ ಜನರಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ಇತಿಹಾಸಕಾರರು ಬರೆಯುತ್ತಾರೆ. ತನ್ನ ನಿಯಮದಿಂದ ಎಷ್ಟು ಮಕ್ಕಳು ಸತ್ತಿರಬಹುದೋ ಎಂದು ಅವರು ನೊಂದುಕೊಂಡರು. ಹುಟ್ಟಿದ ದಿನದಿಂದಲೇ ವೇತನವೆಂದು ಸಾರಿಸಿದರು.

ಗಮನಿಸಿ: ಖಲೀಫರ ನಿಯಮದಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಅದು ಲೆಕ್ಕಕ್ಕೆ ಅನುಕೂಲವಾದ ನಿಯಮ. ಆದರೆ ಅದರ ಬೆಲೆಯನ್ನು ತೊಟ್ಟಿಲಲ್ಲಿದ್ದ ಮಗು ತೆರುತ್ತಿತ್ತು. ಗೊತ್ತಾದ ಕೂಡಲೇ ಅವರು ತಾಯಿಯನ್ನು ಬೈಯಲಿಲ್ಲ, ನಿಯಮವನ್ನು ಬದಲಿಸಿದರು.

ದಾಖಲೆ ಬೇಡವೆಂದು ನಾವು ಹೇಳುವುದಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಲು ಸೂರಃ ಅಲ್-ಬಕರಃದ 282ನೇ ವಚನ ಆದೇಶಿಸುತ್ತದೆ. ಬರೆಸಲಾಗದ ದುರ್ಬಲನ ಪರವಾಗಿ ಅವನ ಪೋಷಕ ಬರೆಸಲಿ ಎಂದೂ ಅದೇ ವಚನ ಹೇಳುತ್ತದೆ. ಹಾಗಾಗಿ ಪುರಾವೆಯ ಭಾರ ಹೊರಬೇಕಾದವರು ಶಕ್ತಿಯುಳ್ಳವರು. ಸರಕಾರದ ಬಳಿ ಶಾಲಾ ದಾಖಲೆ, ಮತದಾರರ ಪಟ್ಟಿ, ಜನನ ನೋಂದಣಿ ಎಲ್ಲವೂ ಇವೆ. ಅಮೆರಿಕವೂ ಕೊನೆಗೆ ಇದೇ ದಾರಿಗೆ ಬಂತು. 2009ರ ಕಾನೂನಿನ ಬಳಿಕ, ಅರ್ಜಿದಾರ ಕೊಟ್ಟ ಹೆಸರು ಮತ್ತು ಸಂಖ್ಯೆಯನ್ನು ಸಾಮಾಜಿಕ ಭದ್ರತೆಯ ದಾಖಲೆಯೊಂದಿಗೆ ಕಚೇರಿಯೇ ತಾಳೆ ನೋಡುವ ಅವಕಾಶ 2010ರಿಂದ ರಾಜ್ಯಗಳಿಗೆ ಸಿಕ್ಕಿತು. ಕಾಗದ ಹುಡುಕುವ ಕೆಲಸ ರೋಗಿಯಿಂದ ಗುಮಾಸ್ತನಿಗೆ ಹೋಯಿತು.

ನಾವು ಮಾಡಬೇಕಾದದ್ದು

ನಿಯಮ ಬದಲಾಗುವವರೆಗೆ ಕೈಕಟ್ಟಿ ಕೂರುವಂತಿಲ್ಲ. ಏಳನೇ ದಿನ ಅಕೀಕಾ ಮಾಡಿ ಹೆಸರಿಡುವ ನಾವು ಜನನ ನೋಂದಣಿಯನ್ನು ಮರೆಯುತ್ತೇವೆ. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. ತಡವಾದಷ್ಟೂ ಶುಲ್ಕ, ಅನುಮತಿ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಪತ್ರದಲ್ಲಿ ಮಗುವಿನ ಹೆಸರು ಖಾಲಿ ಬಿಟ್ಟಿದ್ದರೆ ಇಂದೇ ಸೇರಿಸಿ. ಎಲ್ಲ ಕಾಗದದಲ್ಲೂ ಒಂದೇ ಅಕ್ಷರ ಇರಲಿ. 'ಮುಹಮ್ಮದ್' ಒಂದರಲ್ಲಿ, 'ಮೊಹಮ್ಮದ್' ಇನ್ನೊಂದರಲ್ಲಿ ಬೇಡ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ವೃದ್ಧೆಯ ನಿಕಾಹ್ ದಾಖಲೆ ಇದ್ದೀತೆಂದು ಮಸೀದಿಯ ಹಳೆಯ ದಫ್ತರ ತೆರೆದೆವು. ಸಿಕ್ಕಿತು. ಅದರಲ್ಲಿ ಅವರ ಹೆಸರು ನಾಲ್ಕನೇ ರೀತಿಯಲ್ಲಿತ್ತು! ಬರೆದವರು ನಮ್ಮ ಮಸೀದಿಯವರೇ. ಅಂದಿನಿಂದ ನಿಕಾಹ್ ದಫ್ತರದಲ್ಲಿ ಹೆಸರನ್ನು ಗುರುತಿನ ಚೀಟಿ ನೋಡಿಯೇ ಬರೆಯುತ್ತಿದ್ದೇವೆ. ಜುಮಾದ ಬಳಿಕ ಒಂದು ಗಂಟೆ ಇಬ್ಬರು ಯುವಕರು ಅಂಗಳದಲ್ಲಿ ಕುಳಿತು ಯಾರೇ ಬಂದರೂ, ಯಾವ ಧರ್ಮದವರೇ ಆಗಲಿ, ಅರ್ಜಿ ತುಂಬಿಸಿಕೊಡುತ್ತಾರೆ. ಅವರಲ್ಲೊಬ್ಬ, ಪ್ರಶ್ನೆ ಕೇಳಿದ ಆ ಕಾಲೇಜು ಹುಡುಗ. ವೃದ್ಧೆಯ ಅಫಿಡವಿಟ್ಟಿನ ಕೆಲಸಕ್ಕೆ ನಾಲ್ಕನೇ ಸಲ ಕಚೇರಿಗೆ ಅವರ ಜೊತೆ ಹೋದವನೂ ಅವನೇ. ವೇತನ ಇನ್ನೂ ಬಂದಿಲ್ಲ. ದುಆ ಮಾಡಿ.