ಕಾದಂಬರಿಗಳಲ್ಲಿ ಹೆಸರಿನ ಮರೆ



ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ಎಂಬ ಕಾದಂಬರಿಯಲ್ಲಿ ಒಂದು ಸೈನ್ಯದ ತುಕಡಿ ಬರುತ್ತದೆ. ಅದು ಯಾವ ಪ್ರಾಂತದ್ದೆಂದು ಹೇಳಬೇಕಾದಲ್ಲಿ ಬರಿಯ ಅಡ್ಡಗೆರೆಯಿದೆ. ರಿಚರ್ಡ್‌ಸನ್ನನ ‘ಪಮೇಲಾ’ (1740) ಕಾದಂಬರಿಯ ಧನಿಕ ಯಜಮಾನನು ಕಡೆಯವರೆಗೂ ‘ಮಿಸ್ಟರ್ ಬಿ.’ ಆಗಿಯೇ ಉಳಿಯುತ್ತಾನೆ. ಈ ಗೆರೆಯನ್ನು ಗಟ್ಟಿಯಾಗಿ ಓದುವುದು ಹೇಗೆಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ಆಕಾಶವಾಣಿಯಲ್ಲಂತೂ ಅದು ಇನ್ನೂ ಕಷ್ಟ!

ಇದಕ್ಕೆ ಒಂದು ಕಾರಣ ರಾಜದಂಡದ ಭಯ. ಕಲ್ಪಿತ ದ್ವೀಪವೊಂದರ ನೆಪದಲ್ಲಿ ಇಂಗ್ಲೆಂಡಿನ ದೊಡ್ಡವರ ಗುಟ್ಟುಗಳನ್ನು ಬರೆದ ಡೆಲಾರಿವಿಯರ್ ಮ್ಯಾನ್ಲಿ ಎಂಬಾಕೆ 1709ರಲ್ಲಿ ಬಂಧನಕ್ಕೊಳಗಾದಳು. ಆದರೆ ಕೇವಲ ಕಲ್ಪನೆಯಿಂದ ಹುಟ್ಟಿದ ಯಜಮಾನನಿಗೆ ಮಾನಹಾನಿ ಎಲ್ಲಿಯದು? ಇಲ್ಲಿ ಗೆರೆಯ ಕೆಲಸವೇ ಬೇರೆ. “ಹೆಸರು ನನಗೆ ಗೊತ್ತು, ಹೇಳಲೊಲ್ಲೆ” ಎಂದು ಅದು ಸೂಚಿಸುತ್ತದೆ. ಮುಚ್ಚಿಟ್ಟದ್ದು ಏನೋ ಇರಲೇಬೇಕೆಂದು ಓದುಗನು ನಂಬುತ್ತಾನೆ. ಮರೆಯೇ ಸತ್ಯಕ್ಕೆ ಸಾಕ್ಷಿಯಾಗುವುದು ಹೀಗೆ. ನಮ್ಮ ಕಡೆಯ ಗೃಹಿಣಿಯರು ಗಂಡನ ಹೆಸರನ್ನು ನೇರವಾಗಿ ಹೇಳದೆ ಒಡಪಿನಲ್ಲಿ ಸೇರಿಸಿ ಹೇಳುತ್ತಿದ್ದರಷ್ಟೆ. ಅಲ್ಲಿ ಹೆಸರು ಎಲ್ಲರಿಗೂ ತಿಳಿದದ್ದೇ. ತಡೆದು ಹೇಳುವುದರಿಂದ ಅದಕ್ಕೆ ತೂಕ ಬರುತ್ತಿತ್ತು.

ಇದಕ್ಕೆ ತೀರ ವಿರುದ್ಧವಾದುದು ಶಾಸನದ ರೀತಿ. ಖಾನಾಪುರ ತಾಲೂಕಿನ ಹಲಸಿ ಕದಂಬರ ಕಾಲದ ಪಲಾಶಿಕಾ ನಗರ. ಅಲ್ಲಿ ದೊರೆತ 5ನೆಯ ಶತಮಾನದ ತಾಮ್ರಪಟವೊಂದರಲ್ಲಿ ಕೊಟ್ಟವನು ಕಾಕುಸ್ಥವರ್ಮ, ಪಡೆದವನು ಸೇನಾಪತಿ ಶ್ರುತಕೀರ್ತಿ, ಹೊಲವಿದ್ದ ಊರು ಖೇಟ ಗ್ರಾಮ ಎಂದು ಎಲ್ಲವೂ ಸ್ಪಷ್ಟ. ಹೆಸರು ಬಿಟ್ಟರೆ ಹಕ್ಕೇ ಹೋಗುತ್ತಿತ್ತು. ಕಾದಂಬರಿಯಲ್ಲಿ ಹೆಸರಿಟ್ಟರೆ ಹೋಗುವುದು ಮತ್ತೊಬ್ಬರ ಮಾನ.

ಕನ್ನಡದ ಮೊದಲ ಕಾದಂಬರಿಕಾರರು ಗೆರೆಯನ್ನು ನಂಬಲಿಲ್ಲ. ಹೊಸ ಊರನ್ನೇ ಕಟ್ಟಿದರು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ನಡೆಯುವುದು ಕಮಲಪುರದಲ್ಲಿ, ಬೋಳಾರ ಬಾಬುರಾಯರ ‘ವಾಗ್ದೇವಿ’ (1905) ಕುಮುದಪುರದಲ್ಲಿ. ಒಂದರಲ್ಲಿ ವಿಧವಾ ವಿವಾಹ, ಇನ್ನೊಂದರಲ್ಲಿ ಮಠದ ಅನಾಚಾರ. ಇಂಥ ವಿಷಯವೆತ್ತಿ ನಿಜವಾದ ಊರನ್ನು ಹೆಸರಿಸಿದ್ದರೆ ಓದುಗರು ಕಥೆಯನ್ನು ಬಿಟ್ಟು ಮನೆಗಳನ್ನು ಹುಡುಕುತ್ತಿದ್ದರು. ಇದು ಜಾಣತನವೆಂದೇ ನನ್ನ ಎಣಿಕೆ.

ಏಕೆಂದರೆ ಸಣ್ಣ ಊರಿನಲ್ಲಿ ಗೆರೆ ಏನನ್ನೂ ಮರೆಸಲಾರದು. ಬೆಳಗಾವಿಯಂಥ ಪಟ್ಟಣದಲ್ಲಿ ‘ಒಬ್ಬ ವಕೀಲರು’ ಎಂದರೆ ನೂರಾರು ಮಂದಿ ಇದ್ದಾರು. ‘ಮಲಪ್ರಭೆಯ ದಂಡೆಯ ತಾಲೂಕು ಊರು, ಅಲ್ಲಿನ ಸ್ಟೇಷನ್ ಮಾಸ್ತರರ ವಿಧವೆ ಮಗಳು’ ಎಂದು ಬರೆಯಿರಿ. ಖಾನಾಪುರದ ಹೆಸರೆತ್ತದಿದ್ದರೂ ಸಂಜೆಯೊಳಗೆ ಆ ಮನೆಯ ಬಾಗಿಲತ್ತ ಜನ ಕೈಮಾಡಿ ತೋರಿಸುತ್ತಾರೆ. ಬರೆದವನು ಪಾರಾದಾನು, ಆ ಮಗಳು ಅದೇ ಬೀದಿಯಲ್ಲಿ ನಡೆಯಬೇಕು. ಅಲ್ಲಿ ಹೆಸರಿನ ಜೊತೆಗೆ ನದಿ, ಉದ್ಯೋಗ, ಮಕ್ಕಳ ಸಂಖ್ಯೆ ಎಲ್ಲವನ್ನೂ ಬದಲಿಸಬೇಕಾಗುತ್ತದೆ.

ಕಾನೂನಿನ ದೃಷ್ಟಿಯೂ ಬೇರೆಯಲ್ಲ. 1860ರ ದಂಡಸಂಹಿತೆಯಲ್ಲಿದ್ದ ಮಾನಹಾನಿಯ ಅಪರಾಧವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಉಳಿದಿದೆ. ವ್ಯಕ್ತಿ ಯಾರೆಂದು ಓದುಗರಿಗೆ ಗುರುತು ಸಿಕ್ಕುವಂತಿದ್ದರೆ, ಹೆಸರು ಬರೆಯಲಿಲ್ಲವೆಂಬ ಒಂದೇ ಮಾತು ಲೇಖಕನನ್ನು ಕಾಯಲಾರದು.