ಕುಲಾವಿಯೊಳಗಿನ ಗಾಳಿ

ಒಂದು ಚಿಕ್ಕ ಪ್ರಶ್ನೆಯಿಂದ ಪ್ರಾರಂಭಿಸೋಣ. ಸಮಗಾತ್ರದ ಎರಡು ಮಂಜುಗಡ್ಡೆಯ ತುಂಡುಗಳನ್ನು ಬೇರೆಬೇರೆಯಾಗಿ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಮೇಜಿನ ಮೇಲಿಟ್ಟಿದ್ದೇವೆ. ಒಂದನ್ನು ಹಾಗೆಯೇ ಬಿಟ್ಟಿದ್ದೇವೆ. ಇನ್ನೊಂದಕ್ಕೆ ಕೈಯಿಂದ ಹೆಣೆದ ಉಣ್ಣೆಯ ಮಫ್ಲರನ್ನು ನಾಲ್ಕು ಸುತ್ತು ಸುತ್ತಿದ್ದೇವೆ. ಯಾವುದು ಮೊದಲು ಕರಗುತ್ತದೆ? ಈ ಪ್ರಶ್ನೆಯನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ಕೇಳುವುದುಂಟು. ಪ್ರತಿವರ್ಷವೂ ಹಲವರು ‘ಸುತ್ತಿದ್ದೇ ಮೊದಲು ಕರಗುತ್ತದೆ, ಉಣ್ಣೆ ಬಿಸಿಯಲ್ಲವೆ?’ ಎಂದು ಉತ್ತರ ಕೊಡುವುದೂ ಉಂಟು. ಆದರೆ ಪ್ರಯೋಗ ಮಾಡಿ ನೋಡಿದರೆ, ಬರಿಯ ಗಡ್ಡೆ ಕರಗಿ ನೀರಾದ ಎಷ್ಟೋ ಹೊತ್ತಿನ ಮೇಲೂ ಮಫ್ಲರಿನೊಳಗೆ ಗಟ್ಟಿ ತುಂಡು ಉಳಿದಿರುತ್ತದೆ. ಉಣ್ಣೆಯಲ್ಲಿ ಬಿಸಿಯೆಂಬುದೇನೂ ಇಲ್ಲ. ಅದು ಶಾಖಕ್ಕೆ ಸುಲಭವಾಗಿ ದಾರಿ ಕೊಡದು, ಅಷ್ಟೆ. ಹೊರಗಿನಿಂದ ಒಳಕ್ಕೂ ಕೊಡದು, ಒಳಗಿನಿಂದ ಹೊರಕ್ಕೂ ಕೊಡದು.

ನಾನಿರುವುದು ಭದ್ರಾವತಿಯ ಜನ್ನಾಪುರದಲ್ಲಿ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಇಲ್ಲಿ ಬೆಳಗಿನ ಜಾವದ ಉಷ್ಣತೆ ಹದಿನಾಲ್ಕು ಹದಿನೈದು ಡಿಗ್ರಿಗಳಿಗೆ ಇಳಿಯುತ್ತದೆ. ಕಾಶ್ಮೀರದವರಿಗೆ ನಗು ತರಿಸುವ ಚಳಿ ಇದು. ಆದರೂ ಭದ್ರಾನದಿಯ ಕಡೆಯಿಂದ ಮಂಜು ಕವಿದ ದಿನಗಳಲ್ಲಿ, ತಲೆಗೂ ಕಿವಿಗೂ ಮಫ್ಲರು ಸುತ್ತಿ ಸೈಕಲ್ ತುಳಿಯುವವರನ್ನು ನಮ್ಮ ಬೀದಿಯಲ್ಲಿ ಕಾಣಬಹುದು. ಆ ಮಫ್ಲರುಗಳಲ್ಲಿ ಕೆಲವು ಮನೆಯಲ್ಲೇ ಹೆಣೆದವು: ತಾಯಿ ಮಗನಿಗೆ, ಅಜ್ಜಿ ಮೊಮ್ಮಗಳಿಗೆ, ಬಿಡುವಿದ್ದವರು ತಮಗೆ ತಾವೇ.

ಹಾಗಾದರೆ ಶಾಖದ ದಾರಿಗೆ ಅಡ್ಡ ನಿಲ್ಲುವುದು ಯಾವುದು? ಉಣ್ಣೆಯ ಎಳೆಯೇ ಎಂಬ ಉತ್ತರ ನಾಲಗೆಯ ತುದಿಗೆ ಬರುತ್ತದೆ. ಅಂಕಿಗಳು ಬೇರೆಯ ಮಾತನ್ನು ಹೇಳುತ್ತವೆ. ಒಂದು ಮೀಟರಿಗೆ, ಒಂದು ಕೆಲ್ವಿನ್ನಿಗೆ ಇಷ್ಟು ವಾಟ್ ಎಂಬ ಮಾನದಲ್ಲಿ ಹೇಳುವುದಾದರೆ ಕಬ್ಬಿಣದ ಉಷ್ಣವಾಹಕತೆ ಸುಮಾರು 80, ನೀರಿನದು 0.6, ಉಣ್ಣೆಯ ಎಳೆಯದು 0.2, ನಿಶ್ಚಲವಾದ ಗಾಳಿಯದು 0.026. ಅಂದರೆ ಉಣ್ಣೆಯು ಗಾಳಿಗಿಂತ ಏಳೆಂಟು ಪಟ್ಟು ಉತ್ತಮವಾದ ವಾಹಕ! ಶಾಖವನ್ನು ತಡೆಯುವುದರಲ್ಲಿ ಗಾಳಿಯೇ ಮೇಲು. ಗಾಳಿಯೇ ಮೇಲಾದರೆ ಬರಿಯ ಮೈಯಲ್ಲಿ ನಿಂತವನಿಗೆ ಚಳಿಯೇಕೆ ಆಗುತ್ತದೆ ಎಂದು ನೀವು ಕೇಳಬಹುದು. ಆ ಗಾಳಿ ನಿಲ್ಲುವುದಿಲ್ಲ. ಮೈಗೆ ತಾಗಿ ಬಿಸಿಯಾದ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಸ್ಥಳಕ್ಕೆ ತಣ್ಣನೆಯ ಗಾಳಿ ಬರುತ್ತದೆ, ಅದೂ ಶಾಖವನ್ನು ಹೊತ್ತು ಹೋಗುತ್ತದೆ. ಉಣ್ಣೆಯ ಕೆಲಸವೆಂದರೆ ಗಾಳಿಯನ್ನು ಓಡಿಹೋಗದಂತೆ ಹಿಡಿದಿಡುವುದು.

ಎಷ್ಟು ಗಾಳಿಯನ್ನು ಹಿಡಿದಿಡುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ನಮ್ಮ ಮನೆಯ ಮಫ್ಲರೊಂದನ್ನು ತೂಗಿ ನೋಡಿದೆ: 150 ಗ್ರಾಂ. ಉದ್ದ 150 ಸೆಂಟಿಮೀಟರ್, ಅಗಲ 20, ದಪ್ಪ ಸುಮಾರು ಅರ್ಧ ಸೆಂಟಿಮೀಟರ್. ಅದು ಆಕ್ರಮಿಸುವ ಸ್ಥಳ 1,500 ಘನ ಸೆಂಟಿಮೀಟರ್. ಉಣ್ಣೆಯ ಸಾಂದ್ರತೆ 1.3 ಆದುದರಿಂದ ಅದರಲ್ಲಿರುವ ಉಣ್ಣೆಯ ಗಾತ್ರ 115 ಘನ ಸೆಂಟಿಮೀಟರ್ ಮಾತ್ರ. ಮಿಕ್ಕದ್ದೆಲ್ಲ, ನೂರಕ್ಕೆ ತೊಂಬತ್ತೆರಡು ಪಾಲು, ಗಾಳಿ. ಅಂಗಡಿಯಲ್ಲಿ ನಾವು ಉಣ್ಣೆಗೆ ಹಣ ಕೊಡುತ್ತೇವೆ; ಕೊರಳಿಗೆ ಸುತ್ತಿಕೊಳ್ಳುವುದು ಬಹುಪಾಲು ಗಾಳಿಯನ್ನು.

ಗಾಳಿಯನ್ನು ಹಿಡಿಯಲು ಉಣ್ಣೆಯ ಎಳೆಗೆ ಹುಟ್ಟಿನಿಂದಲೇ ಒಂದು ಅನುಕೂಲವಿದೆ. ಹತ್ತಿಯ ಎಳೆ ಚಪ್ಪಟೆಯಾದ, ತಿರುಚಿದ ನಾಳದಂತಿದ್ದರೆ, ಉಣ್ಣೆಯ ಎಳೆ ಅಲೆಅಲೆಯಾಗಿ ಸುರುಳಿಗೊಂಡಿರುತ್ತದೆ. ಆದುದರಿಂದ ಎಳೆಗಳು ಒಂದಕ್ಕೊಂದು ಅಂಟಿ ಮಲಗುವುದಿಲ್ಲ. ನಡುವೆ ಸಂದುಗಳು ಉಳಿಯುತ್ತವೆ. ಒತ್ತಿದರೂ ಕೈಬಿಟ್ಟೊಡನೆ ಮತ್ತೆ ಉಬ್ಬುತ್ತವೆ.

ಈ ಗುಣವನ್ನು ನಮ್ಮ ನಾಡಿನವರು ಹೆಣಿಗೆ ಕಡ್ಡಿಗಳು ಬರುವ ಎಷ್ಟೋ ಮೊದಲೇ ಬಲ್ಲವರಾಗಿದ್ದರು. ಚಿತ್ರದುರ್ಗದ ಕಡೆಯ ಕುರುಬರು ಡೆಕ್ಕನಿ ಕುರಿಯ ಉಣ್ಣೆಯನ್ನು ನೂತು ಕಂಬಳಿ ನೇಯುತ್ತಾರೆ. ಅದಕ್ಕೆ ಹುಣಿಸೆಬೀಜದ ಗಂಜಿ ಹಾಕಿ ಬಿಗಿಗೊಳಿಸುತ್ತಾರೆ. ಮಲೆನಾಡಿನ ರೈತನು ಅಂತಹ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲಿಂದ ಇಳಿಬಿಟ್ಟು ಮಳೆಯಲ್ಲಿ ಗದ್ದೆಗೆ ಇಳಿಯುತ್ತಿದ್ದನು. ಆದರೆ ಅದೇ ಉಣ್ಣೆಯಿಂದ ಮಫ್ಲರು ಹೆಣೆದು ಕೊರಳಿಗೆ ಸುತ್ತಿಕೊಂಡರೆ ಹತ್ತು ನಿಮಿಷವೂ ಇರಲಾಗದು. ಚರ್ಮಕ್ಕೆ ಚುಚ್ಚುವುದು ಎಳೆಯ ದಪ್ಪದ ವಿಷಯ. ಎಳೆಯ ವ್ಯಾಸ 30 ಮೈಕ್ರೋಮೀಟರಿಗಿಂತ ಹೆಚ್ಚಾದರೆ, ಹೊರಚಾಚಿದ ಅದರ ತುದಿ ಬಾಗದೆ ಚರ್ಮವನ್ನು ಒತ್ತುತ್ತದೆ. ಅದಕ್ಕಿಂತ ತೆಳುವಾದ ಎಳೆ ತಾನೇ ಬಾಗಿಬಿಡುತ್ತದೆ. ಮೆರಿನೊ ಕುರಿಯ ಎಳೆ 20 ಮೈಕ್ರೋಮೀಟರಿನ ಆಸುಪಾಸಿನದು. ನಮ್ಮ ಡೆಕ್ಕನಿ ಕುರಿಯದು ಒರಟು. ಕಂಬಳಿಗೆ ಆ ಒರಟುತನವೇ ಬಲ. ಕುಲಾವಿಗೆ ಅದು ಸಲ್ಲದು.

ಇನ್ನು ಹೆಣಿಗೆಯ ವಿಚಾರ. ನೇಯ್ಗೆಗೂ ಹೆಣಿಗೆಗೂ ಇರುವ ಭೇದವನ್ನು ತಿಳಿಯಲು ನೀವು ತೊಟ್ಟಿರುವ ಅಂಗಿಯನ್ನೂ ಬನಿಯನ್ನನ್ನೂ ಭೂತಗನ್ನಡಿಯಲ್ಲಿ ನೋಡಿರಿ. ಅಂಗಿಯ ಬಟ್ಟೆಯಲ್ಲಿ ಹಾಸು ಹೊಕ್ಕುಗಳೆಂಬ ಎರಡು ಸಾಲು ನೂಲುಗಳು ನೆಟ್ಟಗೆ ಹಾದುಹೋಗುತ್ತವೆ. ಬನಿಯನ್ನಿನಲ್ಲಿ ಒಂದೇ ನೂಲು ಕುಣಿಕೆ ಕುಣಿಕೆಯಾಗಿ ಬಾಗಿ, ಪ್ರತಿಯೊಂದು ಕುಣಿಕೆಯೂ ಕೆಳಗಿನ ಸಾಲಿನ ಕುಣಿಕೆಯೊಳಗಿಂದ ತಲೆ ಹಾಕಿರುತ್ತದೆ. (ಬನಿಯನ್ನು ಯಂತ್ರದ ಹೆಣಿಗೆ. ಅಂತಹ ಮೊದಲ ಯಂತ್ರವನ್ನು 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತ ರಚಿಸಿದನು.) ಇಡೀ ಬಟ್ಟೆಯಲ್ಲಿ ಒಂದು ಗಂಟೂ ಇಲ್ಲ. ಆದುದರಿಂದಲೇ ತುದಿಯ ನೂಲನ್ನು ಹಿಡಿದೆಳೆದರೆ ವಾರಗಟ್ಟಲೆ ಕುಳಿತು ಹೆಣೆದ ಸ್ವೆಟರು ಐದು ನಿಮಿಷದಲ್ಲಿ ನೂಲಿನ ಗುಡ್ಡೆಯಾಗುತ್ತದೆ.

ಹೆಣೆದ ಬಟ್ಟೆಯನ್ನು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ನೂಲು ರಬ್ಬರಿನದೇನಲ್ಲ, ಅದರ ಉದ್ದ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬದಲಾಗುವುದು ಕುಣಿಕೆಯ ಆಕಾರ. ಅಡ್ಡಲಾಗಿ ಎಳೆದರೆ ಉದ್ದನೆಯ ಕುಣಿಕೆ ಅಗಲವಾಗುತ್ತದೆ. ಬಾಗಿದ ನೂಲು ತನ್ನ ಮೊದಲಿನ ಬಾಗಿಗೆ ಮರಳಲು ಹವಣಿಸುತ್ತದೆ. 2018ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿಗಳು ಈ ಹಿಗ್ಗುವಿಕೆಯನ್ನು ನೂಲಿನ ಬಾಗುವಿಕೆ ಮತ್ತು ಕುಣಿಕೆಗಳ ಜ್ಯಾಮಿತಿಯಿಂದ ಲೆಕ್ಕ ಹಾಕಿ ತೋರಿಸಿದರು. ಅಮೆರಿಕೆಯ ಜಾರ್ಜಿಯಾ ಟೆಕ್ ಸಂಸ್ಥೆಯ ಎಲಿಸಬೆಟ್ಟಾ ಮಾತ್ಸುಮೋಟೊ ಮತ್ತು ಅವರ ಸಂಗಡಿಗರು, ಒಂದೇ ನೂಲಿನಿಂದ ಕುಣಿಕೆಗಳ ಕ್ರಮವನ್ನು ಮಾತ್ರ ಬದಲಾಯಿಸಿ ಹೆಣೆದ ನಾಲ್ಕು ಬಗೆಯ ಬಟ್ಟೆಗಳು ಹೇಗೆ ಬೇರೆಬೇರೆಯಾಗಿ ಹಿಗ್ಗುತ್ತವೆ ಎಂಬುದನ್ನು 2024ರಲ್ಲಿ ಪ್ರಕಟಿಸಿದರು. ಹೆಣೆಯಬಲ್ಲ ಗೃಹಿಣಿಯರಿಗೆ ಇದು ಕೈಯ ಅನುಭವ. ಕುಣಿಕೆಯನ್ನು ಹಿಂದಿನಿಂದ ಮುಂದಕ್ಕೆ ಎಳೆದರೆ ಸೀದಾ, ಮುಂದಿನಿಂದ ಹಿಂದಕ್ಕೆ ತಳ್ಳಿದರೆ ಉಲ್ಟಾ. ಒಂದು ಮುಖ ಪೂರ್ತಿ ಸೀದಾ ಇದ್ದರೆ ನೂಲಿನ ಬಿಗುವೆಲ್ಲ ಒಂದೇ ಕಡೆಗೆ ಸೇರಿ ಬಟ್ಟೆಯ ಅಂಚು ಮುದುರಿಕೊಳ್ಳುತ್ತದೆ. ಒಂದು ಸೀದಾ ಒಂದು ಉಲ್ಟಾ ಎಂದು ಸಾಲಾಗಿ ಹೆಣೆದರೆ ಎರಡೂ ಬಿಗುವುಗಳು ಪರಸ್ಪರ ಕಳೆದುಹೋಗಿ ಅಂಚು ಸಮನಾಗಿ ನಿಲ್ಲುತ್ತದೆ. ಅಲ್ಲದೆ ಅಡ್ಡಲಾಗಿ ಬಹಳ ಹಿಗ್ಗುತ್ತದೆ. ಟೊಪ್ಪಿಗೆಯ ಅಂಚು, ಕೈಗವಸಿನ ಮಣಿಕಟ್ಟು, ಕಾಲುಚೀಲದ ಬಾಯಿ ಇವುಗಳಿಗೆ ಈ ಬಗೆಯ ಹೆಣಿಗೆಯನ್ನೇ ಆರಿಸುವುದು ಈ ಕಾರಣದಿಂದ.

ಈ ಹಿಗ್ಗುವಿಕೆಯ ಬೆಲೆ ನನಗೆ ತಿಳಿದದ್ದು ಪಾಠದ ಕೋಣೆಯಲ್ಲಲ್ಲ. ಆರು ವರ್ಷಗಳ ಹಿಂದಿನ ಪುಷ್ಯಮಾಸದಲ್ಲಿ ನನ್ನ ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಮಗುವಿನ ತೂಕ 1,800 ಗ್ರಾಂ. ನಮ್ಮ ತಾಯಿಯವರು ಕುಲಾವಿಯನ್ನು ಮೊದಲೇ ಹೆಣೆದಿಟ್ಟಿದ್ದರು; ಮಗು ಬೆಳೆಯುತ್ತದಲ್ಲ ಎಂದು ಸ್ವಲ್ಪ ದೊಡ್ಡದಾಗಿಯೇ ಹೆಣೆದಿದ್ದರು. ಆಸ್ಪತ್ರೆಯಲ್ಲಿ ತೊಡಿಸಿದಾಗ ಅದು ಹಣೆಯಿಂದ ಜಾರಿ ಮೂಗಿನ ಮೇಲೆ ಬಂತು. ದಾದಿ ಒಡನೆಯೇ ಅದನ್ನು ತೆಗೆದು, ‘ಇದು ಬೇಡ ಅಮ್ಮಾ, ಉಸಿರಿಗೆ ಅಡ್ಡ ಬರುತ್ತದೆ. ತಲೆಗೆ ಸರಿಯಾಗಿ ಕೂರುವಂಥದ್ದು ತನ್ನಿ’ ಎಂದರು.

ಅಂದು ರಾತ್ರಿ ಅಮ್ಮ ಮಾತನಾಡದೆ ಕುಲಾವಿಯ ತುದಿ ಬಿಚ್ಚಿ ನೂಲನ್ನು ಎಳೆದರು. ಎಂಬತ್ತೆಂಟು ಕುಣಿಕೆಗಳಿದ್ದ ಕಡೆ ಅರವತ್ತನ್ನೇ ಹಾಕಿ, ಮೊದಲಿನಿಂದ ಕೊನೆಯವರೆಗೆ ಒಂದು ಸೀದಾ ಒಂದು ಉಲ್ಟಾ ಹೆಣೆಯಲು ಕುಳಿತರು. ನಾನು ಎದುರಿಗೆ ಕುಳಿತು, ಬೇರೆ ಏನೂ ಮಾಡಲು ತೋಚದೆ, ಕಾಗದದ ಮೇಲೆ ಲೆಕ್ಕ ಹಾಕಿದೆ. ದೇಹವು ಶಾಖವನ್ನು ಉತ್ಪಾದಿಸುವುದು ಮೈಯೊಳಗೆ. ಕಳೆದುಕೊಳ್ಳುವುದು ಮೈಯ ಮೇಲ್ಮೈಯಿಂದ. ಆಕಾರ ಒಂದೇ ಎಂದು ಭಾವಿಸಿದರೆ, ಪ್ರತಿ ಕಿಲೋಗ್ರಾಂ ತೂಕಕ್ಕೆ ಬರುವ ಮೇಲ್ಮೈಯು ತೂಕದ ಘನಮೂಲಕ್ಕೆ ವಿಲೋಮವಾಗಿರುತ್ತದೆ. 60 ಕಿಲೋಗ್ರಾಮಿನ ವಯಸ್ಕನು ಈ ಮಗುವಿನ ಮೂವತ್ತಮೂರು ಪಟ್ಟು ತೂಗುತ್ತಾನೆ. ಮೂವತ್ತಮೂರರ ಘನಮೂಲ 3.2. ಪ್ರತಿ ಕಿಲೋಗ್ರಾಮಿಗೆ ಮಗುವಿಗೆ ವಯಸ್ಕನ ಮೂರು ಪಟ್ಟಿಗೂ ಹೆಚ್ಚು ಮೇಲ್ಮೈ! ಅದರಲ್ಲಿ ಸುಮಾರು ಐದನೆಯ ಒಂದು ಪಾಲು ತಲೆಯೇ. ಎಳೆಯ ಕೂಸು ನಮ್ಮಂತೆ ನಡುಗಿ ಶಾಖ ಪಡೆಯಲಾರದು. ಅದಕ್ಕೆ ಶಾಖ ಒದಗಿಸುವ ಕಂದುಬಣ್ಣದ ವಿಶೇಷ ಕೊಬ್ಬು ಗರ್ಭದ ಕೊನೆಯ ವಾರಗಳಲ್ಲಿ ತುಂಬಿಕೊಳ್ಳುವಂಥದು; ಮೊದಲೇ ಹುಟ್ಟಿದ ಮಗುವಿಗೆ ಅದೂ ಕೊರತೆ. ಲೆಕ್ಕ ಮುಗಿದ ಮೇಲೆ ನನಗೆ ನಿದ್ರೆ ಬರಲಿಲ್ಲ. ಅಮ್ಮ ಲೆಕ್ಕ ಹಾಕದೆಯೇ ಎಚ್ಚರವಾಗಿದ್ದರು.

ಬೆಳಿಗ್ಗೆ ಕುಲಾವಿ ಸಿದ್ಧವಾಯಿತು. ಅದನ್ನು ತೊಡಿಸಿ ಮಗುವನ್ನು ತಾಯಿಯ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿದರು. ‘ಕಾಂಗರೂ ಆರೈಕೆ’ ಎಂದು ಹೆಸರಾದ ಈ ಕ್ರಮ 1978ರ ಸುಮಾರಿನಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಡಾ. ಎಡ್ಗರ್ ರೇ ಅವರಿಂದ ಪ್ರಾರಂಭವಾದದ್ದು; ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಅದನ್ನು ವ್ಯಾಪಕವಾಗಿ ಜಾರಿಗೆ ತರುವ ಪ್ರಯತ್ನ ನಡೆದಿದೆ. ಅದರಲ್ಲಿ ಮಗುವಿಗೆ ಇರುವ ಉಡುಪು ಬಹಳ ಕಡಿಮೆ. ಬೆನ್ನಿಗೂ ಹೊಟ್ಟೆಗೂ ತಾಯಿಯ ಮೈ ಮತ್ತು ಹೊದಿಕೆ, ತಲೆಗೆ ಕುಲಾವಿ. ಕುಲಾವಿ ಸಡಿಲವಾದರೆ ಒಳಗಿನ ಗಾಳಿ ನಿಲ್ಲದು. ತೀರ ಬಿಗಿಯಾದರೆ ಕುಣಿಕೆಗಳು ಅಗಲವಾಗಿ ಬಟ್ಟೆ ತೆಳುವಾಗುತ್ತದೆ, ತಲೆಗೂ ಒತ್ತುತ್ತದೆ. ಸೀದಾ-ಉಲ್ಟಾ ಹೆಣಿಗೆ ಮೆಲ್ಲನೆ ಹಿಡಿದು ನಿಲ್ಲುತ್ತದೆ.

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳು ಅವಶ್ಯ. ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿಗೆ ಮನೆಯೊಳಗೆ ನಿದ್ರಿಸುವಾಗ ಕುಲಾವಿ ಹಾಕಬಾರದು. ಹೆಚ್ಚಾದ ಶಾಖ ಹೊರಹೋಗಬೇಕಾದದ್ದೂ ಆ ತಲೆಯಿಂದಲೇ. ಮೈ ಅತಿಯಾಗಿ ಬಿಸಿಯಾಗುವುದು ಕೂಸಿಗೆ ಅಪಾಯ. ಎರಡನೆಯದು, ಕೂಸಿನ ಕೈಗವಸು ಕಾಲುಚೀಲಗಳನ್ನು ಉಡುಗೊರೆ ಕೊಡುವ ಮುನ್ನ ಒಳಮಗ್ಗುಲು ತಿರುಗಿಸಿ ನೋಡಿರಿ. ಸಡಿಲವಾದ ಒಂದು ಎಳೆ ಎಳೆಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರವೇ ನಿಂತೀತು. ಮಗು ಅಳುತ್ತದೆ, ಕಾರಣ ಯಾರಿಗೂ ಕಾಣುವುದಿಲ್ಲ.

ಇಷ್ಟೂ ಒಣಗಾಳಿಯ ಮಾತಾಯಿತು. ನಮ್ಮೂರ ಮಂಜಿನಲ್ಲಿ ಉಣ್ಣೆಗೆ ಇನ್ನೊಂದು ಸಾಮರ್ಥ್ಯವಿರುವುದು ತಿಳಿದುಬರುತ್ತದೆ. ಉಣ್ಣೆಯು ಗಾಳಿಯಲ್ಲಿರುವ ನೀರಾವಿಯನ್ನು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನವರೆಗೆ ಎಳೆಗಳ ಒಳಗೆ ಹೀರಿಕೊಳ್ಳಬಲ್ಲದು, ಮುಟ್ಟಿದರೆ ಒದ್ದೆಯೆನಿಸದು. ಆವಿಯು ಹೀಗೆ ಬಂಧಿತವಾದಾಗ ತನ್ನ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ, ಗ್ರಾಮಿಗೆ ಸುಮಾರು 2,500 ಜೂಲ್. ಬೆಚ್ಚಗಿನ ಒಣ ಕೋಣೆಯಿಂದ ಮಂಜಿಗೆ ಬಂದ ಮಫ್ಲರು ಹತ್ತು ಗ್ರಾಂ ಆವಿಯನ್ನು ಹೀರಿದರೆ 25,000 ಜೂಲ್ ಹೊರಬರುತ್ತದೆ. ಸುಮ್ಮನೆ ಕುಳಿತ ಮನುಷ್ಯನ ದೇಹ ನಾಲ್ಕು ನಿಮಿಷಗಳಲ್ಲಿ ಉತ್ಪಾದಿಸುವಷ್ಟು ಶಾಖ ಅದು. ಉಣ್ಣೆಯಲ್ಲಿ ಬಿಸಿಯಿಲ್ಲವೆಂದು ಮೊದಲು ಹೇಳಿದ ನಾನು, ತೇವದ ಗಾಳಿಯ ಮಟ್ಟಿಗೆ ಆ ಮಾತನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ.

ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಕೊಡುವ ನೂಲಿನಲ್ಲಿ ಬಹಳಷ್ಟು ಅಕ್ರಿಲಿಕ್. ಅದಕ್ಕೂ ಸುರುಳಿ ಕೊಟ್ಟು ತಯಾರಿಸುವುದರಿಂದ ಗಾಳಿಯನ್ನು ಚೆನ್ನಾಗಿಯೇ ಹಿಡಿಯುತ್ತದೆ, ಬೆಲೆಯೂ ಕಡಿಮೆ, ಒಗೆಯುವುದೂ ಸುಲಭ. ಆದರೆ ಆವಿಯನ್ನು ನೂರಕ್ಕೆ ಒಂದೆರಡು ಪಾಲಿಗಿಂತ ಹೆಚ್ಚು ಹೀರದು. ಬೆಂಕಿಯ ಹತ್ತಿರವಂತೂ ಅದು ಸಲ್ಲದು: ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಯಾವ ನೂಲೆಂದು ತಿಳಿಯಬೇಕಾದರೆ ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು, ಹಿರಿಯರ ಎದುರಿಗೆ, ಮೇಣದಬತ್ತಿಗೆ ತಾಗಿಸಿರಿ. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾದರೆ ಉಣ್ಣೆ. ಗಟ್ಟಿ ಮಣಿಯಾದರೆ ಅಕ್ರಿಲಿಕ್. 1923ರಿಂದ ಕಬ್ಬಿಣ ಕರಗಿಸಿದ ಊರಿನ ಮಕ್ಕಳು ಈ ಪರೀಕ್ಷೆಯನ್ನು ತಿಳಿದಿರುವುದು ಒಳ್ಳೆಯದು.

ಹೆಣೆದದ್ದನ್ನು ಬಿಸಿನೀರಿನಲ್ಲಿ ಹಾಕಿ ಉಜ್ಜಬಾರದೆಂಬುದೂ ಗಾಳಿಯದೇ ವಿಷಯ. ಉಣ್ಣೆಯ ಎಳೆಯ ಮೈಮೇಲೆ ಹೆಂಚು ಹೊದಿಸಿದಂತೆ ಸಣ್ಣ ಹುರುಪೆಗಳಿರುತ್ತವೆ; ಉಜ್ಜಿದಾಗ ಎಳೆಗಳು ಒಂದೇ ದಿಕ್ಕಿಗೆ ಸರಿದು ಸಿಕ್ಕಿಹಾಕಿಕೊಳ್ಳುತ್ತವೆ. ಬಟ್ಟೆ ಕುಗ್ಗುತ್ತದೆ, ಸಂದುಗಳು ಮುಚ್ಚುತ್ತವೆ.

ಆ ಮಗುವಿಗೆ ಈಗ ಆರು ವರ್ಷ. ಮೊನ್ನೆ ಅಮ್ಮ ಪೆಟ್ಟಿಗೆಯಿಂದ ಆ ಕುಲಾವಿಯನ್ನು ತೆಗೆದು ಮತ್ತೆ ಬಿಚ್ಚಿದರು. ಹೊರಬಂದ ನೂಲು ನೆಟ್ಟಗಿರಲಿಲ್ಲ. ಪ್ರತಿಯೊಂದು ಕುಣಿಕೆಯ ಬಾಗೂ ಅದರಲ್ಲಿ ಉಳಿದಿತ್ತು. ಉಣ್ಣೆಯ ಕೆರಟಿನ್ ಅಣುಸರಪಳಿಗಳ ನಡುವೆ ಇರುವ ಹೈಡ್ರೊಜನ್ ಬಂಧಗಳು ಬಾಗಿದ ಸ್ಥಿತಿಯಲ್ಲೇ ನೆಲೆಗೊಂಡಿರುತ್ತವೆ. ತೇವ ಮತ್ತು ಶಾಖ ಒಟ್ಟಿಗೆ ದೊರೆತರೆ ಸಡಿಲುತ್ತವೆ. ಅಮ್ಮ ನೂಲನ್ನು ಲಡಿ ಮಾಡಿ ಇಡ್ಲಿಪಾತ್ರೆಯ ಆವಿಯ ಮೇಲೆ ಹಿಡಿದರು. ನೋಡುತ್ತಿದ್ದಂತೆಯೇ ಸುರುಳಿಗಳು ಬಿಡಿಸಿಕೊಂಡು ನೂಲು ಇಳಿಬಿದ್ದಿತು. ಅದೇ ಮಗುವಿನ ಒಂದು ಕೈಗವಸಿಗೆ ಅದು ಸಾಲುತ್ತದೆ. ಇನ್ನೊಂದಕ್ಕೆ ಬೇರೆ ಬಣ್ಣದ ನೂಲು ತಂದಿದ್ದಾರೆ.