ಜತ್ತದ ಕಿವಿಯಲ್ಲಿ ಇಂಗ್ಲಿಷಿನ ಸಮೋಚ್ಚಾರ ಪದಗಳು

ಧ್ವನಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೇನೆ.

ಇಂಗ್ಲಿಷ್ ವ್ಯಾಕರಣದ ಪುಸ್ತಕಗಳಲ್ಲಿ ಒಂದು ಪಟ್ಟಿ ಇರುತ್ತದೆ. ಸರಿ ಎನ್ನುವ ರೈಟ್, ಬರೆಯುವ ರೈಟ್. ನೋಡುವ ಸೀ, ಸಮುದ್ರದ ಸೀ. ರಾತ್ರಿಯ ನೈಟ್, ಕುದುರೆ ಏರಿದ ಯೋಧ ನೈಟ್. ಉಚ್ಚಾರ ಒಂದೇ, ಕಾಗುಣಿತ ಮತ್ತು ಅರ್ಥ ಬೇರೆ. ಇವನ್ನು ಸಮೋಚ್ಚಾರ ಪದಗಳು ಎನ್ನೋಣ. ನನ್ನ ವಾದ ಇಷ್ಟೇ: ಈ ಪಟ್ಟಿ ಇಂಗ್ಲಿಷರ ಕಿವಿಗಾಗಿ ತಯಾರಾದದ್ದು. ಸಾಂಗಲಿ ಜಿಲ್ಲೆಯ ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಯ ಮಗುವಿಗೆ ಯಾವ ಪದಗಳು ಒಂದೇ ಆಗಿ ಕೇಳಿಸುತ್ತವೆ ಎಂಬುದನ್ನು ಅದು ಹೇಳುವುದಿಲ್ಲ.

ಯೋಧನ ನೈಟ್ ಪದದ ಮೊದಲಿಗಿರುವ 'ಕೆ' ಅಕ್ಷರವನ್ನು ಒಂದು ಕಾಲಕ್ಕೆ ಉಚ್ಚರಿಸುತ್ತಿದ್ದರು. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಅಚ್ಚುಕೂಟ ತೆರೆದ. ಮುಂದೆ ಕಾಗುಣಿತ ಗಟ್ಟಿಯಾಯಿತು, ಉಚ್ಚಾರ ಸವೆಯಿತು. ಕನ್ನಡದಲ್ಲೂ ಸವೆದಿದೆ. ಹಳಗನ್ನಡದಲ್ಲಿ ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಈ ೞಕಾರಕ್ಕೆ ಪ್ರತ್ಯೇಕ ಜಾಗ ಕೊಟ್ಟಿದ್ದಾನೆ. ನಾವು ಸದ್ದಿನ ಜತೆಗೆ ಅಕ್ಷರವನ್ನೂ ಬಿಟ್ಟೆವು. ಅವರು ಸದ್ದು ಬಿಟ್ಟು ಅಕ್ಷರ ಇಟ್ಟುಕೊಂಡರು.

ಇನ್ನು ಜತ್ತಕ್ಕೆ ಬರೋಣ. ಉಮದಿ, ಸಂಖದ ಕಡೆ ಮನಿ ಮಾತು ಕನ್ನಡ, ಕಚೇರಿ ಮಾತು ಮರಾಠಿ. ಕನ್ನಡ ಮಾಧ್ಯಮದ ಪಠ್ಯವನ್ನು ಪುಣೆಯ ಬಾಲಭಾರತಿ ಅಚ್ಚು ಹಾಕುತ್ತದೆ. 2020ರ ಕಾಯ್ದೆಯಂತೆ ಮರಾಠಿ ಕಲಿಕೆ ಕಡ್ಡಾಯ. ಹೀಗಾಗಿ ಮಗು ಇಂಗ್ಲಿಷಿಗೆ ಬರುವ ಮೊದಲೇ ಸಮೋಚ್ಚಾರಗಳ ನಡುವೆ ಬೆಳೆದಿರುತ್ತದೆ. ಬತ್ತಿ ಹೊಸೆಯುವ ಹತ್ತಿ ಮರಾಠಿಯಲ್ಲಿ ಆನೆ. ಗೋಡೆ ಮ್ಯಾಲಿನ ಹಲ್ಲಿ ಅಲ್ಲಿ 'ಇತ್ತೀಚೆಗೆ'. ನಮ್ಮ ಹಾಡ ಅವರಿಗೆ ಎಲುಬು, ನಮ್ಮ ಉಡಿ ಅವರಿಗೆ ಜಿಗಿತ, ನಾವು ಕೇಳಿ ಅಂದರೆ ಅವರಿಗೆ ಬಾಳೆಹಣ್ಣು. ಬರಹದಲ್ಲಿ ಮರಾಠಿಯ ಕೊನೆಯ ಸ್ವರ ದೀರ್ಘ, ಆದರೆ ಮಾತಿನಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಇಲ್ಲಿ ಮಕ್ಕಳು ಎಡವುವುದು ಕಡಿಮೆ. ಮರಾಠಿ ಶಾಲೆಯಲ್ಲಿ ಬಾಯಿ ಅಂದರೆ ಶಿಕ್ಷಕಿ; ಹಾಗಂತ 'ಬಾಯಿ ಮುಚ್ಚು' ಅಂದಾಗ ಯಾವ ಹುಡುಗನೂ ಟೀಚರ ಕಡೆ ನೋಡೂದಿಲ್ಲ. ಸುತ್ತಲಿನ ಮಾತೇ ಅರ್ಥ ಹೇಳಿಬಿಡುತ್ತದೆ.

ತೊಡಕು ಇರುವುದು ಉಕ್ತಲೇಖನದಲ್ಲಿ. ಅಲ್ಲಿ ಸುತ್ತ ಮಾತಿಲ್ಲ, ಬಿಡಿ ಪದ ಮಾತ್ರ. ಕನ್ನಡದಲ್ಲಿ ಎ ಮತ್ತು ಏ ಬೇರೆ. ಮರಾಠಿಯಲ್ಲಿ ಆ ಭೇದ ಇಲ್ಲ. ಆದ್ದರಿಂದ ಬರೆಯುವ ಪೆನ್ನು, ನೋವಿನ ಪೇನ್ ಎರಡನ್ನೂ ದೇವನಾಗರಿಯಲ್ಲಿ ಒಂದೇ ರೀತಿ ಬರೆಯಬೇಕು. ಮಾರು ಎನ್ನುವ ಸೆಲ್, ಮಾರಾಟದ ಸೇಲ್. ಒದ್ದೆಯ ವೆಟ್, ತೂಕದ ವೇಟ್ ಕೂಡ ಹಾಗೆಯೇ. ಇವು ಇಂಗ್ಲಿಷಿನ ಪಟ್ಟಿಯಲ್ಲಿಲ್ಲ, ಮರಾಠಿ ಕಿವಿಯ ಪಟ್ಟಿಯಲ್ಲಿವೆ. ಮನೆಯಲ್ಲಿ ಮರಾಠಿ ಆಡುವ ಶಿಕ್ಷಕರು ಸೆಲ್ ಎಂಬುದನ್ನು ಎಳೆದು ಹೇಳಿದರೆ, ಕನ್ನಡದ ಮಗು ಕೇಳಿದಂತೆಯೇ ಸೇಲ್ ಪದದ ಕಾಗುಣಿತ ಬರೆಯುತ್ತದೆ. ಕೆಂಪು ಗೀಟು ಬೀಳುವುದು ಮಗುವಿನ ವಹಿಗೆ. ನಿಜಕ್ಕೂ ಆ ಮಗುವಿನ ಕಿವಿ ಚುರುಕಾಗಿದೆ!

ಕನ್ನಡ ಲಿಪಿಯೇ ಮೇಲು ಅಂತ ನಾನು ಹೇಳ್ತಾ ಇಲ್ಲ. ಇಂಗ್ಲಿಷಿನ ಹಾಲ್, ಕಾಲ್, ಬಾಲ್ ಪದಗಳ ಸ್ವರಕ್ಕೆ ಮರಾಠಿಯಲ್ಲಿ ಅರ್ಧಚಂದ್ರದ ಗುರುತಿದೆ. ನಮ್ಮ ರೂಢಿಯ ಬರಹದಲ್ಲಿ ಇಲ್ಲ. ನಾವು ದೊಡ್ಡ ಕೋಣೆಯನ್ನು ಹಾಲಿನ ಹತ್ತಿರ, ಫೋನ್ ಕರೆಯನ್ನು ಕಾಲಿನ ಹತ್ತಿರ, ಚೆಂಡನ್ನು ಬಾಲದ ಹತ್ತಿರ ತಂದು ನಿಲ್ಲಿಸಿದ್ದೇವೆ. ಬನಿಯನ್ನಿನ ವೆಸ್ಟ್, ಪಶ್ಚಿಮದ ವೆಸ್ಟ್ ಎರಡೂ ಲಿಪಿಗಳಲ್ಲಿ ಒಂದೇ, ಯಾಕೆಂದರೆ ಇಬ್ಬರಿಗೂ ಇರುವುದು ಒಂದೇ ವಕಾರ.

ಆದ್ದರಿಂದ ಗಡಿಭಾಗದ ಶಾಲೆಗೆ ಬೇಕಾದ ಪಟ್ಟಿ ಬೇರೆ. ಅದರಲ್ಲಿ ರೈಟ್, ಸೀ ಇರಲಿ. ಜತೆಗೆ ಪೆನ್–ಪೇನ್, ಸೆಲ್–ಸೇಲ್, ವೆಸ್ಟ್–ವೆಸ್ಟ್ ಬೇಕು. ಉಕ್ತಲೇಖನ ಕೊಡುವಾಗ ಪದವನ್ನು ಒಂದು ಸಣ್ಣ ವಾಕ್ಯದೊಳಗೆ ಇಟ್ಟು ಹೇಳಿದರೂ ಸಾಕು, ಅರ್ಧ ಕೆಂಪು ಗೀಟು ಉಳಿದಾವು. ಇಷ್ಟು ನನ್ನ ಮಂಡನೆ. ಪ್ರಶ್ನೆ ಇದ್ದರೆ ಕೇಳ್ರಿ.